ಕಾದಂಬರಿಯ ರೂಪಾಂತರ

ಮೈಸೂರಿನಿಂದ ಹಾಸನದ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಕೃಷ್ಣರಾಜನಗರವನ್ನು ದಾಟಿದ ಮೇಲೆ ಅಕ್ಕಿಹೆಬ್ಬಾಳು ಎಂಬ ನಿಲ್ದಾಣ ಸಿಕ್ಕುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಊರು, ಹೇಮಾವತಿಯ ದಡ, ಲಕ್ಷ್ಮೀನರಸಿಂಹನ ಸನ್ನಿಧಿ. ಈ ಊರನ್ನು ಕಣ್ಣಾರೆ ಕಾಣದ ಕನ್ನಡಿಗರೂ ಅದರ ಹೆಸರನ್ನು ತಮಗೆ ಅರಿವಿಲ್ಲದಂತೆಯೇ ಎಷ್ಟೋ ಬಾರಿ ಓದಿರುತ್ತಾರೆ. ಎ. ಎನ್. ಮೂರ್ತಿರಾಯರ ಹೆಸರಿನ ಮೊದಲ ಅಕ್ಷರ ಈ ಅಕ್ಕಿಹೆಬ್ಬಾಳೇ. ೧೯೦೦ರಲ್ಲಿ ಇಲ್ಲಿ ಹುಟ್ಟಿದ ಅವರು ೨೦೦೩ರವರೆಗೆ ಬದುಕಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ತೆರೆಗೆ ಬಂದಾಗ ಅವರು ಮೂವತ್ತು ದಾಟಿದ ಮೇಷ್ಟರು. ಅವರು ಕಣ್ಣು ಮುಚ್ಚುವ ವೇಳೆಗೆ ನಾಡಿನ ಮನೆಮನೆಯಲ್ಲೂ ಸಂಜೆಯಾಯಿತೆಂದರೆ ಧಾರಾವಾಹಿಗಳ ಸದ್ದು. ಒಂದೇ ಆಯುಷ್ಯದಲ್ಲಿ ಇಷ್ಟೆಲ್ಲ ನಡೆದುಹೋಯಿತು.

ಮೂರ್ತಿರಾಯರನ್ನು ನಾವು ಸಾಮಾನ್ಯವಾಗಿ ‘ಹಗಲುಗನಸುಗಳು’ ಎಂಬ ಪ್ರಬಂಧಗಳ ಮೂಲಕ, ‘ದೇವರು’ ಎಂಬ ವಿಚಾರಗ್ರಂಥದ ಮೂಲಕ ನೆನೆಯುತ್ತೇವೆ. ಅವರು ಮಾಡಿದ ಇನ್ನೊಂದು ಕೆಲಸವನ್ನು ಇಲ್ಲಿ ನೆನೆಯಬೇಕಾಗಿದೆ. ಫ್ರಾನ್ಸಿನ ಮೋಲಿಯೇರ್ ಮಹಾಶಯನ ‘ತಾರ್ತೂಫ್’ ನಾಟಕವನ್ನು ಅವರು ಕನ್ನಡಕ್ಕೆ ತಂದರು. ಭಕ್ತನ ಸೋಗಿನಲ್ಲಿ ಮನೆಹೊಕ್ಕವನೊಬ್ಬ ಯಜಮಾನನ ಬುದ್ಧಿಯನ್ನು ಮಂಕುಮಾಡಿ ಮಗಳನ್ನೂ ಆಸ್ತಿಯನ್ನೂ ಲಪಟಾಯಿಸಲು ಹವಣಿಸುವ ಕಥೆ ಅದು. ಮೂರ್ತಿರಾಯರು ಅದಕ್ಕೆ ಇಟ್ಟ ಹೆಸರು ‘ಆಷಾಢಭೂತಿ’. ಶಿಷ್ಯನ ವೇಷದಲ್ಲಿ ಬಂದು ಗುರುವಿನ ಗಂಟನ್ನೇ ಹೊತ್ತೊಯ್ದ ಪಂಚತಂತ್ರದ ಕಪಟಿಯ ಹೆಸರದು. ಆ ಒಂದು ಹೆಸರಿನಿಂದಲೇ ಪ್ಯಾರಿಸ್ಸಿನ ಕಪಟಿ ನಮ್ಮ ಜಗುಲಿಯ ಮೇಲೆ ಬಂದು ಕುಳಿತುಬಿಟ್ಟ. ಇಂಥದನ್ನು ನಮ್ಮವರು ಭಾಷಾಂತರವೆನ್ನದೆ ರೂಪಾಂತರವೆಂದರು. ಮಾತಿನ ಅರ್ಥವನ್ನು ದಾಟಿಸುವುದು ಮೊದಲನೆಯದು. ಎರಡನೆಯದರಲ್ಲಿ ಒಂದು ಜೀವ ಬೇರೊಂದು ದೇಹವನ್ನು ತಳೆಯಬೇಕು.

ಓದುಗರೇ, ಕಾದಂಬರಿಯೊಂದು ಚಲಚ್ಚಿತ್ರವಾಗುವುದು, ದೂರದರ್ಶನದ ಧಾರಾವಾಹಿಯಾಗುವುದು, ಈಗ ಅಂತರ್ಜಾಲದ ಮೂಲಕ ಅಂಗೈಯ ಫೋನಿಗೇ ಬಂದು ತಲುಪುವ ಸರಣಿಯಾಗುವುದು, ಇವೆಲ್ಲವೂ ರೂಪಾಂತರಗಳೇ. ಚಿತ್ರ ನೋಡಿ ಹೊರಬಂದವರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ‘ಕಾದಂಬರಿಯಲ್ಲಿ ಇದ್ದ ಹಾಗೆಯೇ ತೆಗೆದಿದ್ದಾರೆಯೆ?’ ಈ ಪ್ರಶ್ನೆಯಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ನನಗೆ ತೋರುತ್ತದೆ. ಅದಕ್ಕಿಂತ ಬೇರೆಯದನ್ನು ಕೇಳಬೇಕು. ಪುಸ್ತಕದಲ್ಲಿ ಒಬ್ಬರು ನಮಗೆ ಕಥೆ ಹೇಳುತ್ತಿದ್ದರಲ್ಲ, ಪಾತ್ರಗಳ ಮನಸ್ಸಿನೊಳಗೆ ನಮ್ಮ ಕೈಹಿಡಿದು ಕರೆದೊಯ್ಯುತ್ತಿದ್ದರಲ್ಲ, ತೆರೆಯ ಮೇಲೆ ಅವರು ಎಲ್ಲಿ ಹೋದರು?

ಇದಕ್ಕೆ ಉತ್ತರ ಹುಡುಕುವ ಕೆಲಸ ಸಿನಿಮಾ ಬರುವುದಕ್ಕೆ ಮುಂಚೆಯೇ ಇದೇ ಸೀಮೆಯವರಿಂದ ನಡೆದಿತ್ತು. ಬಿ. ಎಂ. ಶ್ರೀಕಂಠಯ್ಯನವರ ಹೆಸರಿನಲ್ಲಿರುವ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ ಚಂಪೂಕಾವ್ಯವನ್ನು ಅವರು ನಾಟಕವಾಗಿ ಮಾರ್ಪಡಿಸಿದರು. ಗ್ರೀಕರ ಸೊಫೋಕ್ಲೀಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಕಾವ್ಯದಲ್ಲಿ ಕವಿ ನಿಂತು ವರ್ಣಿಸುತ್ತಾನೆ. ಯಾರನ್ನು ಹೊಗಳಬೇಕು, ಯಾರನ್ನು ಹಳಿಯಬೇಕು ಎಂದು ನಮಗೆ ತಿಳಿಸಿಕೊಡುತ್ತಾನೆ. ರಂಗದ ಮೇಲೆ ಆ ಕವಿಗೆ ಸ್ಥಳವಿಲ್ಲ. ಅವನು ಹಿಂದೆ ಸರಿದ ಕೂಡಲೇ ದುರ್ಯೋಧನ ತನ್ನ ಮಾತನ್ನು ತಾನೇ ಆಡಬೇಕಾಗುತ್ತದೆ. ಹಾಗೆ ಆಡತೊಡಗಿದ ಮೇಲೆ ಅವನು ಬರಿಯ ಖಳನಾಗಿ ಉಳಿಯುವುದಿಲ್ಲ, ದುರಂತ ನಾಯಕನಾಗುತ್ತಾನೆ. ಕಥೆಗಾರನನ್ನು ತೆಗೆದರೆ ಪಾತ್ರಗಳ ತೂಕವೇ ಬದಲಾಗುತ್ತದೆ ಎಂಬುದು ಇದರಿಂದ ಕಾಣಬರುತ್ತದೆ. ರನ್ನನಿಗೆ ಇದರಿಂದ ಅಪಚಾರವಾಯಿತೆಂದು ಯಾರೂ ಕೂಗಾಡಲಿಲ್ಲ.

ಕನ್ನಡ ಚಲಚ್ಚಿತ್ರ ಬಹುಕಾಲ ಕಂಪನಿ ನಾಟಕಗಳ ಮತ್ತು ಪುರಾಣಗಳ ಆಸರೆಯಲ್ಲೇ ನಡೆಯಿತು. ಕಾದಂಬರಿಯನ್ನು ಆಧರಿಸಿದ ಮೊದಲ ಕನ್ನಡ ಚಿತ್ರವೆಂದು ಸಾಮಾನ್ಯವಾಗಿ ಎಣಿಸುವುದು ೧೯೬೨ರ ‘ಕರುಣೆಯೇ ಕುಟುಂಬದ ಕಣ್ಣು’. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ ಅದರ ಮೂಲ, ನಿರ್ದೇಶಕರು ಟಿ. ವಿ. ಸಿಂಗ್ ಠಾಕೂರ್. ಎರಡು ವರ್ಷಗಳ ಮೇಲೆ ಅವರೇ ತ. ರಾ. ಸುಬ್ಬರಾಯರ ‘ಚಂದವಳ್ಳಿಯ ತೋಟ’ವನ್ನು ತೆಗೆದರು. ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ೧೯೬೬ರಲ್ಲಿ ಬಂತು. ಸಂಗೀತಗಾರನ ಬಾಳನ್ನು ಕಾದಂಬರಿಕಾರರು ಎಷ್ಟೇ ಸೊಗಸಾಗಿ ಬರೆದರೂ ಓದುವವನ ಕಿವಿಗೆ ಸ್ವರ ಬೀಳುವುದಿಲ್ಲ. ಚಿತ್ರದಲ್ಲಿ ಬಾಲಮುರಳಿಕೃಷ್ಣರೂ ಭೀಮಸೇನ ಜೋಶಿಯವರೂ ಹಾಡಿದರು. ಇಲ್ಲಿ ರೂಪಾಂತರದಿಂದ ಕಾದಂಬರಿಗೆ ಆದದ್ದು ಲಾಭವೇ ಹೊರತು ನಷ್ಟವಲ್ಲ.

ಆ ದಶಕದಲ್ಲಿ ಚಿತ್ರ ತೆಗೆಯುವವರು ಕಾದಂಬರಿಗಳ ಕಡೆಗೆ ತಿರುಗಿದ್ದಕ್ಕೆ ಕಾರಣ ಸಾಹಿತ್ಯಪ್ರೇಮವೊಂದೇ ಎಂದರೆ ಅತಿಶಯೋಕ್ತಿಯಾದೀತು. ಓದುಗರು ಆಗಲೇ ಸಿದ್ಧರಾಗಿದ್ದರು. ದಿನಕ್ಕಿಷ್ಟೆಂದು ಬಾಡಿಗೆ ಕೊಟ್ಟು ಪುಸ್ತಕ ಒಯ್ಯುವ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಪೇಟೆಪೇಟೆಯಲ್ಲೂ ಇದ್ದವು. ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಓದಿದ ಗೃಹಿಣಿಯೇ ಸಂಜೆ ಟಾಕೀಸಿನಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಆಕೆಗೆ ಕಥೆ ತಿಳಿದಿತ್ತು. ಅದು ಹೇಗೆ ಕಾಣುತ್ತದೆಂಬುದನ್ನು ನೋಡಲು ಆಕೆ ಬರುತ್ತಿದ್ದಳು. ಪ್ರೇಕ್ಷಕಳು ಓದುಗಳೂ ಆಗಿದ್ದ ಆ ಕಾಲದ ಈ ಸಂಗತಿಯನ್ನು ದಯಮಾಡಿ ಮನಸ್ಸಿನಲ್ಲಿಟ್ಟುಕೊಂಡಿರಿ. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಈ ಓದುಗರ ಕಣ್ಮಣಿಯಾಗಿದ್ದವರು ತ್ರಿವೇಣಿ. ಅವರು ಬಿ. ಎಂ. ಶ್ರೀಯವರ ಸೋದರನ ಮಗಳು, ಎಂದರೆ ಬೆಳ್ಳೂರಿನ ಮನೆತನದವರೇ. ದೊಡ್ಡಪ್ಪ ರನ್ನನ ಕಾವ್ಯವನ್ನು ರಂಗಕ್ಕೆ ತಂದರು. ಮಗಳ ಕಾದಂಬರಿಗಳನ್ನು ಬೇರೆಯವರು ತೆರೆಗೆ ತಂದರು. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ತ್ರಿವೇಣಿ ಹೆಣ್ಣಿನ ಮನಸ್ಸಿನ ಮೂಲೆಮುಡುಕುಗಳನ್ನು ಬಲ್ಲವರು. ೧೯೬೩ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ತಮ್ಮ ಕಾದಂಬರಿ ಚಿತ್ರವಾದುದನ್ನು ಅವರು ನೋಡಲಿಲ್ಲ.

ನಾಲ್ಕು ವರ್ಷಗಳ ಮೇಲೆ, ೧೯೬೭ರಲ್ಲಿ, ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನು ತೆಗೆದರು. ಕಾಫಿ ಸೀಮೆಯ ಶ್ರೀಮಂತರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲು ಒಪ್ಪಿ ಅವಳ ತಂದೆಯ ಹಣದಿಂದ ವಿದೇಶಕ್ಕೆ ಓದಲು ಹೋದವನು ಮೋಹನ. ಅವನು ಹಿಂದಿರುಗುವಷ್ಟರಲ್ಲಿ ಇಂದಿರೆಗೆ ತಮ್ಮನೊಬ್ಬ ಹುಟ್ಟಿದ್ದಾನೆ, ಆಸ್ತಿ ಅವಳ ಕೈತಪ್ಪಿದೆ. ಮೋಹನನ ಮನಸ್ಸೂ ತಿರುಗಿಬಿಡುತ್ತದೆ. ಅಪಘಾತಕ್ಕೆ ಸಿಕ್ಕಿ ಹಾಸಿಗೆ ಹಿಡಿದ ಅವನನ್ನು ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಮದುವೆಯ ಮಾತೆತ್ತಿದಾಗ ಅವಳು ಒಲ್ಲೆನೆನ್ನುತ್ತಾಳೆ. ಆ ‘ಒಲ್ಲೆ’ಗಾಗಿಯೇ ಕಾದಂಬರಿ ಇರುವುದು. ಚಿತ್ರವನ್ನು ಮದುವೆಯ ಮಂಟಪದಲ್ಲಿ ಮುಗಿಸುವುದೇ ವಾಡಿಕೆಯಾಗಿದ್ದ ದಿನಗಳಲ್ಲಿ ಪುಟ್ಟಣ್ಣನವರು ಅದನ್ನು ಹಾಗೆಯೇ ಉಳಿಸಿಕೊಂಡರು. ಕಾದಂಬರಿಯ ಪುಟಗಳಲ್ಲಿ ಲೇಖಕಿ ಹೇಳುವ ಅಂತರಂಗದ ಮಾತುಗಳನ್ನು ಏನು ಮಾಡಿದರು? ಕೆಲವನ್ನು ಮಲೆನಾಡಿನ ಮಂಜಿಗೆ, ಗುಡ್ಡಗಳಿಗೆ ಕೊಟ್ಟರು. ಬೆಳಗನ್ನು ಕುರಿತ ಬೇಂದ್ರೆಯವರ ಕವಿತೆಗೆ ಕೊಟ್ಟರು. ಉಳಿದುದೆಲ್ಲ ಕಲ್ಪನಾ ಅವರ ಮುಖದ ಪಾಲಿಗೆ ಬಂತು. ಕಥೆಗಾರ್ತಿ ನಟಿಯ ಕಣ್ಣಿನಲ್ಲಿ ಹೋಗಿ ಕುಳಿತಳು.

‘ಶರಪಂಜರ’ದಲ್ಲಿ ಈ ಕೆಲಸ ಇನ್ನೂ ಕಠಿಣವಾಗಿತ್ತು. ಹೆರಿಗೆಯ ಬಳಿಕ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ರೋಗ ವಾಸಿಯಾಗಿದೆ, ಆದರೆ ನೆರೆಹೊರೆಯ ಕಣ್ಣು, ನಂಟರ ಪಿಸುಮಾತು, ಗಂಡನ ಬೇಸರ ಇವು ವಾಸಿಯಾಗಿಲ್ಲ. ಒಮ್ಮೆ ಹುಚ್ಚಿಯೆನಿಸಿಕೊಂಡವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಕಾದಂಬರಿ ಓದುವಾಗ ನಾವು ಕಾವೇರಿಯ ಒಳಗಿದ್ದುಕೊಂಡು ಹೊರಗಿನವರನ್ನು ನೋಡುತ್ತೇವೆ. ೧೯೭೧ರ ಚಿತ್ರದಲ್ಲಿ ನಾವು ಹೊರಗೆ ಕುಳಿತು ಕಾವೇರಿಯನ್ನು ನೋಡುತ್ತೇವೆ, ಎಂದರೆ ಆ ನೆರೆಹೊರೆಯವರ ಸ್ಥಾನದಲ್ಲಿಯೇ ನಾವೂ ಕುಳಿತಿದ್ದೇವೆ! ಪ್ರೇಕ್ಷಕನನ್ನು ಆರೋಪಿಯ ಪೀಠದಲ್ಲಿ ಕೂರಿಸುವ ಈ ಗುಣ ಕಾದಂಬರಿಯಲ್ಲಿ ಇಷ್ಟು ತೀಕ್ಷ್ಣವಾಗಿಲ್ಲ. ಮಾಧ್ಯಮ ಬದಲಾದುದರಿಂದಲೇ ಅದು ಒದಗಿತು. ಬಣ್ಣದ ಅಬ್ಬರ, ಹಾಡುಗಳ ವಿಸ್ತಾರ ಸ್ವಲ್ಪ ಅತಿಯಾಯಿತೆಂದು ಹೇಳುವವರಿದ್ದಾರೆ. ನನಗೂ ಹಾಗೆ ಅನಿಸಿದೆ. ಆದರೆ ಮನೋರೋಗದಿಂದ ಚೇತರಿಸಿಕೊಂಡವರ ಬಗ್ಗೆ ಊರವರೆಲ್ಲ ಕೂಡಿ ಕುಳಿತು ಯೋಚಿಸುವಂತೆ ಮಾಡಿದ ಚಿತ್ರ ಅದಕ್ಕೆ ಮೊದಲು ಕನ್ನಡದಲ್ಲಿ ಬಂದಿರಲಿಲ್ಲ.

ತ್ರಿವೇಣಿಯವರ ಜತೆಗೆ ಅವರ ತಂಗಿ ಆರ್ಯಾಂಬ ಪಟ್ಟಾಭಿ, ವಾಣಿ, ಎಂ. ಕೆ. ಇಂದಿರಾ ಮೊದಲಾದ ಲೇಖಕಿಯರ ಕಾದಂಬರಿಗಳೂ ಆ ವರ್ಷಗಳಲ್ಲಿ ತೆರೆಗೆ ಬಂದವು. ‘ಕಪ್ಪು ಬಿಳುಪು’, ‘ಗೆಜ್ಜೆಪೂಜೆ’, ‘ಎರಡು ಕನಸು’, ‘ಶುಭಮಂಗಳ’ ಇವುಗಳ ಹೆಸರು ಹೇಳಿದರೆ ಹಿರಿಯರ ಮುಖ ಇಂದೂ ಅರಳುತ್ತದೆ.

ಇದೇ ವೇಳೆಗೆ ಇನ್ನೊಂದು ಕವಲು ಒಡೆಯಿತು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರಲ್ಲಿ ಪ್ರಕಟವಾಗಿತ್ತು. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ೧೯೭೦ರಲ್ಲಿ ಚಿತ್ರ ಮಾಡಿದರು. ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದರು. ಕಾದಂಬರಿಯ ಅರ್ಧಭಾಗ ಆಚಾರ್ಯರ ತಲೆಯೊಳಗೇ ನಡೆಯುತ್ತದೆ. ತಮ್ಮೊಡನೆ ತಾವೇ ನಡೆಸುವ ವಾಗ್ವಾದ. ಚಿತ್ರದಲ್ಲಿ ಅದರ ಬಹುಭಾಗ ಮೌನವಾಯಿತು. ಮಾತಾಡುತ್ತಿದ್ದ ಪುಸ್ತಕ ಸುಮ್ಮನೆ ನಡೆಯುವ ಮನುಷ್ಯನಾಯಿತು. ಕಾದಂಬರಿಯನ್ನು ಓದದೆ ಚಿತ್ರ ನೋಡಿದವರಿಗೆ ಆ ನಡಿಗೆಯ ಭಾರ ಪೂರ್ಣವಾಗಿ ತಿಳಿಯಲಾರದೆಂದು ನನ್ನ ಅಭಿಪ್ರಾಯ. ಅಗ್ರಹಾರದ ಆಚಾರವನ್ನು ಪ್ರಶ್ನಿಸಿದ ಈ ಚಿತ್ರವನ್ನು ಸೆನ್ಸಾರ್ ಮಂಡಲಿ ಮೊದಲು ನಿಷೇಧಿಸಿತು. ಬಳಿಕ ಅನುಮತಿ ದೊರೆತು ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲವೂ ಸಂದಿತು. ಮೂರ್ತಿರಾಯರು ಕನ್ನಡಕ್ಕೆ ತಂದ ಮೋಲಿಯೇರನ ನಾಟಕದ ಕಥೆಯೂ ಇದೇ. ೧೬೬೪ರಲ್ಲಿ ಮೊದಲ ಪ್ರದರ್ಶನವಾದೊಡನೆ ನಿಷೇಧಕ್ಕೊಳಗಾದ ಅದು ಐದು ವರ್ಷ ಕಾದು ೧೬೬೯ರಲ್ಲಿ ಸಾರ್ವಜನಿಕ ರಂಗವನ್ನು ಏರಿತು. ಪುಸ್ತಕವನ್ನು ಒಬ್ಬೊಬ್ಬರೇ ಓದುತ್ತಾರೆ, ಸಹಿಸಿಕೊಳ್ಳುತ್ತಾರೆ. ಅದೇ ಮಾತು ನೂರು ಜನರ ಎದುರಿಗೆ ಮೈತಳೆದು ನಿಂತಾಗ ಅಧಿಕಾರಕ್ಕೆ ಇರಿಸುಮುರಿಸಾಗುತ್ತದೆ.

ಸರ್ಕಾರಕ್ಕೆ ಮಾತ್ರವಲ್ಲ, ಲೇಖಕರಿಗೂ ಇರಿಸುಮುರಿಸಾಗುವುದುಂಟು. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣನವರು ೧೯೭೨ರಲ್ಲಿ ‘ನಾಗರಹಾವು’ ಮಾಡಿದರು. ಜನ ಮುಗಿಬಿದ್ದು ನೋಡಿದರು. ಚಿತ್ರದುರ್ಗದ ಕೋಟೆ, ಹೊಸ ನಾಯಕ ವಿಷ್ಣುವರ್ಧನ್, ಚಾಮಯ್ಯ ಮೇಷ್ಟರಾಗಿ ಅಶ್ವತ್ಥ್ ಎಲ್ಲರೂ ಜನಮನದಲ್ಲಿ ನೆಲೆಸಿದರು. ಕಾದಂಬರಿಕಾರರಿಗೆ ಮಾತ್ರ ಅದು ಹಿಡಿಸಲಿಲ್ಲ; ತಮ್ಮ ನಾಗರವನ್ನು ಕೇರೆ ಹಾವು ಮಾಡಿದರೆಂದು ಅವರು ನೊಂದುಕೊಂಡ ಸಂಗತಿ ಪ್ರಸಿದ್ಧವಾಗಿದೆ. ಮೈಸೂರಿನಲ್ಲೇ ನೆಲೆಸಿದ್ದ ಆರ್. ಕೆ. ನಾರಾಯಣರದೂ ಇಂಥದೇ ಅಳಲು. ಅವರ ‘ಗೈಡ್’ ೧೯೬೫ರಲ್ಲಿ ಹಿಂದಿ ಚಿತ್ರವಾದಾಗ ಮಾಲ್ಗುಡಿಯ ಕಥೆ ರಾಜಸ್ಥಾನದ ಅರಮನೆಗಳಿಗೆ ಹೋಯಿತು. ಅದನ್ನು ಗೇಲಿಮಾಡಿ ಅವರು ಒಂದು ಪ್ರಬಂಧವನ್ನೇ ಬರೆದರು. ಈ ತಾಪತ್ರಯವೇ ಬೇಡವೆಂದು ತಮ್ಮ ಕಾದಂಬರಿಯನ್ನು ತಾವೇ ನಿರ್ದೇಶಿಸಿದವರೂ ಉಂಟು: ಚದುರಂಗರ ‘ಸರ್ವಮಂಗಳಾ’, ೧೯೬೮.

ಲೇಖಕನ ಈ ನೋವಿಗೆ ಕಾನೂನಿನಲ್ಲಿ ಒಂದು ಸ್ಥಾನವಿದೆ. ನಮ್ಮ ಕೃತಿಸ್ವಾಮ್ಯದ ಕಾಯಿದೆ ೧೯೫೭ರದು. ಅದರ ೫೭ನೆಯ ಕಲಮು ಲೇಖಕನಿಗೆ ವಿಶೇಷ ಹಕ್ಕೊಂದನ್ನು ಕೊಟ್ಟಿದೆ. ಹಣ ಪಡೆದು ಹಕ್ಕುಗಳನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ತನ್ನ ಹೆಸರು ಕೆಡುವಂತೆ ವಿರೂಪಗೊಳಿಸಿದರೆ ತಡೆಯುವ ಹಕ್ಕು ಅದು. ಹಿಂದಿಯ ಲೇಖಕಿ ಮನ್ನೂ ಭಂಡಾರಿಯವರು ‘ಆಪ್ ಕಾ ಬಂಟಿ’ ಕಾದಂಬರಿಯ ಚಿತ್ರದ ವಿಷಯದಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದರು. ೧೯೮೬ರ ಆ ತೀರ್ಪು ಈ ಹಕ್ಕನ್ನು ಎತ್ತಿಹಿಡಿಯಿತು. ಮಾಧ್ಯಮಕ್ಕೆ ಬೇಕಾದ ಬದಲಾವಣೆಗಳನ್ನು ಮಾಡಿಕೊಳ್ಳಬಹುದು, ಆದರೆ ಕೃತಿಯ ಗುರುತೇ ಸಿಗದಂತೆ ಮಾಡಬಾರದು ಎಂಬುದು ಅದರ ಧೋರಣೆ. ಎಲ್ಲಿಯವರೆಗೆ ಬದಲಾವಣೆ, ಎಲ್ಲಿಂದ ವಿರೂಪ? ಈ ಗೆರೆಯನ್ನು ಎಳೆಯುವುದು ನ್ಯಾಯಾಧೀಶರಿಗೂ ಸುಲಭವಲ್ಲ.

ಮತ್ತೆ ಕೃಷ್ಣರಾಜಪೇಟೆ ತಾಲ್ಲೂಕಿಗೆ ಬರೋಣ. ಅಕ್ಕಿಹೆಬ್ಬಾಳು ಇರುವ ತಾಲ್ಲೂಕಿನಲ್ಲೇ ಕಿಕ್ಕೇರಿಯೂ ಇದೆ. ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಹುಟ್ಟಿದ ಊರು ಅದು. ೧೯೪೨ರಲ್ಲಿ ಪ್ರಕಟವಾದ ‘ಮೈಸೂರು ಮಲ್ಲಿಗೆ’ ಕಾದಂಬರಿಯಲ್ಲ, ಬಿಡಿ ಕವನಗಳ ಸಂಕಲನ. ಅದನ್ನು ಚಿತ್ರ ಮಾಡುವುದೆಂದರೆ ಮಲ್ಲಿಗೆಯ ಹೂಗಳನ್ನು ಬಳ್ಳಿಗೆ ಮರಳಿ ಅಂಟಿಸಿದಂತೆ. ಟಿ. ಎಸ್. ನಾಗಾಭರಣರು ೧೯೯೨ರಲ್ಲಿ ಅದಕ್ಕೂ ಕೈಹಾಕಿದರು. ಕವನಗಳಲ್ಲಿ ಸುಳಿಯುವ ಗಂಡಹೆಂಡಿರಿಗೆ, ಬಳೆಗಾರನಿಗೆ, ಹಳ್ಳಿಯ ಮನೆಗೆ ಒಂದು ಕಥೆಯನ್ನು ಕಟ್ಟಿ, ಸ್ವಾತಂತ್ರ್ಯ ಚಳವಳಿಯ ಕಾಲವನ್ನು ಹಿನ್ನೆಲೆಯಾಗಿ ಇಟ್ಟರು. ಸಿ. ಅಶ್ವಥ್ ಅವರ ಸಂಗೀತ. ಕಥೆಯ ಭಾಗ ಅಲ್ಲಲ್ಲಿ ಹೊಲಿಗೆ ಕಾಣುವಂತಿದೆ ಎಂದು ಹೇಳಬಹುದು. ಆದರೆ ಇಲ್ಲಿ ಮೂಲದ ದನಿ ಹಿಂದೆ ಸರಿಯಲೇ ಇಲ್ಲ. ಕವಿಯ ಮಾತು ಹಾಡಾಗಿ ಇಡಿಯಾಗಿ ಉಳಿಯಿತು. ಎಪ್ಪತ್ತು ದಾಟಿದ ಕವಿಗೆ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಅರ್ಧ ಶತಮಾನ ಹಿಂದೆ ಬರೆದ ಕವನಗಳಿಗೆ ಸಿನಿಮಾ ಹಾಡಿನ ಬಹುಮಾನ!

ದೂರದರ್ಶನ ಬಂದ ಮೇಲೆ ಕಾದಂಬರಿಗೆ ಬೇರೊಂದು ಅನುಕೂಲ ದೊರೆಯಿತು. ಅದು ಕಾಲಾವಕಾಶ. ಕಥೆಗಾರನ ದನಿಗೆ ತೆರೆಯ ಮೇಲೆ ಎಷ್ಟು ಎಡೆ ಸಿಕ್ಕುತ್ತದೆಂಬುದು ಬಹುಮಟ್ಟಿಗೆ ಗಡಿಯಾರವನ್ನು ಅವಲಂಬಿಸಿದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಂಥ ಬೃಹತ್ ಕಾದಂಬರಿಯನ್ನು ೧೯೯೯ರಲ್ಲಿ ಕಾರ್ನಾಡರು ಎರಡು ಗಂಟೆಯ ಆಸುಪಾಸಿನ ಚಿತ್ರಕ್ಕೆ ಅಡಕಗೊಳಿಸಿದಾಗ ಒಂದು ಮನೆಯ ಕಥೆ ಉಳಿಯಿತು, ಕಾಡು, ಒಕ್ಕಲು, ಬೇಟೆ, ಋತುಗಳು ಇವೆಲ್ಲ ಕಿಟಕಿಯಾಚೆಗೆ ಸರಿದವು. ನಿರ್ದೇಶಕರನ್ನು ದೂರಿ ಫಲವಿಲ್ಲ. ಕೊಳಗದಲ್ಲಿ ಕಣಜ ಹಿಡಿಯದು. ಶಂಕರನಾಗ್ ಅವರು ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ೧೯೮೭ರ ಸುಮಾರಿಗೆ ದೂರದರ್ಶನದಲ್ಲಿ ಬಂದಾಗ, ‘ಗೈಡ್’ ಚಿತ್ರದಲ್ಲಿ ಕಳೆದುಹೋಗಿದ್ದ ಆ ಸಣ್ಣ ಊರು ಮತ್ತೆ ಸಿಕ್ಕಿತು. ವಾರವಾರವೂ ಅದೇ ಬೀದಿ, ಅದೇ ಜಗುಲಿಗಳನ್ನು ಕಂಡು ಜನ ಆ ಊರಿನವರ ಪರಿಚಯ ಮಾಡಿಕೊಂಡರು.

ಇದಕ್ಕಿಂತ ದೊಡ್ಡ ಉದಾಹರಣೆ ‘ಗೃಹಭಂಗ’. ಕೃಷ್ಣರಾಜಪೇಟೆಯ ಪಕ್ಕದ ತಾಲ್ಲೂಕಾದ ಚನ್ನರಾಯಪಟ್ಟಣದ ಸಂತೇಶಿವರದವರು ಎಸ್. ಎಲ್. ಭೈರಪ್ಪನವರು, ಕಾದಂಬರಿಯ ನೆಲವೂ ಮಾತೂ ಆ ಕಡೆಯವೇ. ಶ್ಯಾನುಭೋಗ ಚೆನ್ನಿಗರಾಯ ಉಂಡು ಮಲಗುವ ಗೃಹಸ್ಥ. ಅವನ ಹೆಂಡತಿ ನಂಜಮ್ಮ ತಾನೇ ಲೆಕ್ಕ ಬರೆದು ಮನೆಯನ್ನು ನಡೆಸುತ್ತಾಳೆ. ಅತ್ತೆ ಗಂಗಮ್ಮನ ಬೈಗುಳ, ಬರಗಾಲ, ಸಾಲ, ಕೊನೆಗೆ ಪ್ಲೇಗು. ಬೆಳೆದ ಮಗಳೂ ಮಗನೂ ಹೋಗುತ್ತಾರೆ, ಆಮೇಲೆ ನಂಜಮ್ಮನೂ ಹೋಗುತ್ತಾಳೆ. ಈ ಕಾದಂಬರಿಯಲ್ಲಿ ದೊಡ್ಡ ಘಟನೆಗಳಿಗಿಂತ ಮುಖ್ಯವಾದುದು ದಿನಗಳು ಒಂದರ ಮೇಲೊಂದು ಸುಮ್ಮನೆ ಬಂದು ಬೀಳುವ ರೀತಿ. ಇಂದಿನ ಹಿಟ್ಟು ತೀರಿತು, ನಾಳೆಗೇನು? ಗಿರೀಶ ಕಾಸರವಳ್ಳಿಯವರು ಇದನ್ನು ಚಿತ್ರವಾಗಿಸದೆ ದೂರದರ್ಶನದ ಧಾರಾವಾಹಿಯಾಗಿ ಮಾಡಿದ್ದು ಉಚಿತವಾಯಿತು. ಒಂದು ಸಂಜೆಗೆ ಕಂಡು ಮರೆಯುವ ದುಃಖವಲ್ಲ ನಂಜಮ್ಮನದು. ಕಂತುಕಂತಾಗಿ ಬರುವ ಆ ಬಡತನವನ್ನು ನೋಡುವವರೂ ದಿನದಿನಕ್ಕೂ ಅವಳೊಡನೆ ಎಣಿಸುತ್ತ ಹೋದರು. ಇಲ್ಲಿ ಕಥೆಗಾರನ ಸ್ಥಾನವನ್ನು ತುಂಬಿದ್ದು ಮುಖವೂ ಅಲ್ಲ, ಹಾಡೂ ಅಲ್ಲ, ದಿನಗಳೇ.

ಉದ್ದದ ಕಥೆ ನಮ್ಮ ಜನಕ್ಕೆ ಹೊಸದೇನಲ್ಲ. ಈ ಸೀಮೆಯ ಮೂಡಲಪಾಯ ಬಯಲಾಟ ರಾತ್ರಿ ಮೊದಲಾದರೆ ಮುಗಿಯುವುದು ಕೋಳಿ ಕೂಗಿದ ಮೇಲೆಯೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ನಡೆಯುವ ನಾಟಕವಾದಾಗ ಜನ ಕಂಬಳಿ ಹೊದ್ದು ಕುಳಿತು ನೋಡಿದರು. ಭೈರಪ್ಪನವರ ‘ಪರ್ವ’ವೂ ೨೦೨೧ರಲ್ಲಿ ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣದಿಂದ ಸುಮಾರು ಎಂಟು ಗಂಟೆಯ ಪ್ರಯೋಗವಾಯಿತು.

ಹೀಗಿರುವಾಗ, ಕಂತುಗಳಲ್ಲಿ ಎಷ್ಟು ಉದ್ದಕ್ಕಾದರೂ ಕಥೆ ಹೇಳಲು ಅವಕಾಶವಿರುವ ಅಂತರ್ಜಾಲದ ವೇದಿಕೆಗಳು ಬಂದುದು ಕಾದಂಬರಿಗೆ ಒದಗಿದ ಭಾಗ್ಯವೆನ್ನಬೇಕು. ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ಎರಡೂ ೨೦೧೬ರಲ್ಲಿ ಭಾರತಕ್ಕೆ ಬಂದವು. ವಿಕ್ರಮ್ ಚಂದ್ರರ ದೊಡ್ಡ ಕಾದಂಬರಿ ‘ಸೇಕ್ರೆಡ್ ಗೇಮ್ಸ್’ ೨೦೧೮ರಲ್ಲಿ ಸರಣಿಯಾಯಿತು. ಕೊಲಂಬಿಯಾ ದೇಶದ ಗಾರ್ಸಿಯಾ ಮಾರ್ಕೆಸ್ ‘ನೂರು ವರ್ಷಗಳ ಏಕಾಂತ’ದ ಚಿತ್ರದ ಹಕ್ಕನ್ನು ಬದುಕಿರುವವರೆಗೂ ಯಾರಿಗೂ ಕೊಟ್ಟಿರಲಿಲ್ಲ. ಅವರ ತರುವಾಯ ಮಕ್ಕಳು ಒಪ್ಪಿದರು. ಸರಣಿ ಸ್ಪ್ಯಾನಿಷ್ ಭಾಷೆಯಲ್ಲೇ, ಕೊಲಂಬಿಯಾದಲ್ಲೇ ತಯಾರಾಗಿ ೨೦೨೪ರ ಡಿಸೆಂಬರಿನಲ್ಲಿ ಮೊದಲ ಎಂಟು ಕಂತುಗಳು ಹೊರಬಂದವು. ಕಾಲಾವಕಾಶವೂ ಸಿಕ್ಕಿತು, ಮೂಲದ ನುಡಿಯೂ ಉಳಿಯಿತು.

ಕನ್ನಡದ ಪಾಡು ಹೀಗಿಲ್ಲ. ‘ಏಕಂ’ ಎಂಬ ಕನ್ನಡ ಸರಣಿಯನ್ನು ಕೊಳ್ಳುವ ವೇದಿಕೆ ಸಿಕ್ಕದೆ, ತಯಾರಿಸಿದವರೇ ೨೦೨೪ರ ಜುಲೈಯಲ್ಲಿ ತಮ್ಮದೇ ಅಂತರ್ಜಾಲ ತಾಣದಲ್ಲಿ ಹಣಕ್ಕೆ ತೋರಿಸಬೇಕಾಯಿತು. ಜೀ ಸಂಸ್ಥೆಯ ವೇದಿಕೆ ತನ್ನ ಮೊದಲ ಕನ್ನಡ ಮೂಲ ಸರಣಿಯೆಂದು ‘ಅಯ್ಯನ ಮನೆ’ಯನ್ನು ಬಿಡುಗಡೆ ಮಾಡಿದ್ದು ೨೦೨೫ರಲ್ಲಿ, ಎಂದರೆ ಬೇರೆ ಭಾಷೆಗಳಲ್ಲಿ ಈ ಬೆಳೆ ಹಲವು ಕೊಯ್ಲು ಕಂಡ ಮೇಲೆ. ನಮ್ಮಲ್ಲಿ ಕಾದಂಬರಿಗಳಿಗೆ ಬರವಿಲ್ಲ. ಬರ ಇರುವುದು ಕೊಳ್ಳುವವರಿಗೆ. ಕನ್ನಡದಲ್ಲಿ ನೋಡುವವರು ಸಾಕಷ್ಟಿಲ್ಲವೆಂಬುದು ಅವರ ಲೆಕ್ಕಾಚಾರವೆಂದು ಕಾಣುತ್ತದೆ. ಹಿಂದೆ ಹೇಳಿದ, ಮಧ್ಯಾಹ್ನ ಓದಿ ಸಂಜೆ ಟಾಕೀಸಿಗೆ ಹೋಗುತ್ತಿದ್ದ ಆ ಗೃಹಿಣಿ ಇಲ್ಲಿ ನೆನಪಿಗೆ ಬರಬೇಕು. ‘ಬೆಳ್ಳಿಮೋಡ’ಕ್ಕೆ ಹಣ ಹಾಕಿದವರಿಗೆ ಧೈರ್ಯ ಕೊಟ್ಟದ್ದು ಆಕೆ. ಅವಳ ಜಾಗದಲ್ಲಿ ಈಗ ಯಾರಿದ್ದಾರೆ?

ಇದಕ್ಕೆ ಒಂದು ಉತ್ತರ ೨೦೨೩ರಲ್ಲಿ ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ಗೆ ಬಂಡವಾಳ ಹಾಕಿದವರು ಒಬ್ಬ ಸಾಹುಕಾರರಲ್ಲ, ತೇಜಸ್ವಿಯವರನ್ನು ಓದಿ ಮೆಚ್ಚಿದ ಅನೇಕರು ತಲೆಗಿಷ್ಟೆಂದು ಕೂಡಿಸಿದ ಹಣ ಅದು. ಚಿತ್ರಮಂದಿರದಲ್ಲಿ ಓಡಿದ ಮೇಲೆ ಅದು ಅಂತರ್ಜಾಲದ ವೇದಿಕೆಗೂ ಹೋಯಿತು. ತೇಜಸ್ವಿಯವರು ೨೦೦೭ರಲ್ಲೇ ತೀರಿಕೊಂಡಿದ್ದರು. ಅವರ ಓದುಗರು ಮಾತ್ರ ಇದ್ದರು. ಟಿಕೀಟು ಕೊಳ್ಳುತ್ತಿದ್ದ ಓದುಗರು ಇಲ್ಲಿ ನಿರ್ಮಾಪಕರೇ ಆದರು. ಇದು ಪದೇಪದೇ ನಡೆಯುವ ಸಂಗತಿಯಲ್ಲ, ಅದನ್ನು ಬಲ್ಲೆ. ಆದರೂ ದಾರಿ ಮುಚ್ಚಿಲ್ಲವೆಂಬುದಕ್ಕೆ ಸಾಕ್ಷಿ.

ಇನ್ನೊಂದು ಬಾಗಿಲು ಸದ್ದಿಲ್ಲದೆ ತೆರೆದಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ವರ್ಷ ಕಳೆದು ಮುಂದಿನ ೬೦ ವರ್ಷ ಅವರ ಕೃತಿಗಳ ಸ್ವಾಮ್ಯ ವಾರಸುದಾರರಲ್ಲಿ ಇರುತ್ತದೆ. ತ. ರಾ. ಸು. ಅವರು ತೀರಿಕೊಂಡದ್ದು ೧೯೮೪ರಲ್ಲಿ. ಅವರ ಕೃತಿಗಳು ೨೦೪೪ರ ಕೊನೆಯವರೆಗೆ ಕಾಯಬೇಕು. ಅ. ನ. ಕೃ. ಅವರವು ೨೦೩೧ರ ಕೊನೆಯವರೆಗೆ. ತ್ರಿವೇಣಿಯವರು ೧೯೬೩ರಲ್ಲಿ ಹೋದರು. ಆದಕಾರಣ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು ೨೦೨೪ರ ಜನವರಿ ೧ರಿಂದ ಸರ್ವರ ಸೊತ್ತು. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ಕಾಸು ಕೊಡದೆ, ಯಾವ ಭಾಷೆಯವರಾದರೂ ‘ಬೆಳ್ಳಿಮೋಡ’ವನ್ನು ಹತ್ತು ಕಂತಿನ ಸರಣಿಯಾಗಿ ಮಾಡಬಹುದು, ಇಂದಿರೆ ಕೊನೆಗೆ ಮೋಹನನನ್ನು ಒಪ್ಪಿದಳೆಂದು ಬೇಕಾದರೂ ತಿರುಚಬಹುದು. ಪುಟ್ಟಣ್ಣನವರ ಚಿತ್ರದ ಸ್ವಾಮ್ಯ ಬೇರೆ. ಅದಕ್ಕೆ ೨೦೨೭ರ ಕೊನೆಯವರೆಗೆ ರಕ್ಷಣೆಯಿದೆ. ಕಾದಂಬರಿಗೆ ಉಳಿದಿರುವುದು ಆ ೫೭ನೆಯ ಕಲಮು ಮಾತ್ರ. ಕೃತಿ ಯಾರದೆಂದು ಹೇಳುವ, ವಿರೂಪವನ್ನು ಪ್ರಶ್ನಿಸುವ ವಿಶೇಷ ಹಕ್ಕನ್ನು ಲೇಖಕರ ಕಾಲಾನಂತರ ಅವರ ವಾರಸುದಾರರೂ ಚಲಾಯಿಸಬಹುದು. ಸ್ವಾಮ್ಯದ ಅವಧಿ ಮುಗಿದ ಮೇಲೆ ವಿರೂಪವನ್ನು ಪ್ರಶ್ನಿಸುವಂತಿಲ್ಲವೆಂಬ ಅಡ್ಡಿಯೊಂದು ಅದರಲ್ಲಿತ್ತು. ೨೦೧೨ರ ತಿದ್ದುಪಡಿ ಅದನ್ನು ತೆಗೆದುಹಾಕಿತು.